ಹಿತ್ತಲ ಹುಳು ಮದ್ದಲ್ಲ ಅಂದುಕೊಂಡೆವು

ಮೊದಲಿಗೆ ನಮ್ಮ ತಪ್ಪನ್ನೇ ಹೇಳಿಬಿಡುತ್ತೇವೆ.

ಎರಡು ವರ್ಷದ ಹಿಂದೆ, ಮಾರ್ಚ್ ತಿಂಗಳಲ್ಲಿ, ನಮ್ಮ ಜಿಲ್ಲೆಯ ರೈತರೊಬ್ಬರ ಪಾಲಿಹೌಸಿಗೆ ಸುದ್ದಿಗೆಂದು ಹೋಗಿದ್ದೆವು. ಅರ್ಧ ಎಕರೆಯಲ್ಲಿ ದೊಣ್ಣೆ ಮೆಣಸಿನಕಾಯಿ. ಸಹಾಯಧನ ಕಳೆದು ಉಳಿದದ್ದಕ್ಕೆ ಬ್ಯಾಂಕ್ ಸಾಲ. ಗಿಡದ ಕವಲಿನಲ್ಲಿ, ಕಾಯಿಯ ತೊಟ್ಟಿನಲ್ಲಿ, ಎಲೆಯ ಹಿಂದೆ ಎಲ್ಲಿ ನೋಡಿದರೂ ಮೈದಾ ಹಿಟ್ಟು ಉದುರಿಸಿದ ಹಾಗೆ ಹಿಟ್ಟು ತಿಗಣೆ. ಅಷ್ಟರಲ್ಲಿ ಅವರು ನಾಲ್ಕು ಸಲ ಔಷಧಿ ಹೊಡೆದಿದ್ದರು. ನಾಲ್ಕೂ ಬೇರೆ ಬೇರೆ ಡಬ್ಬಿ.

ಒಂದು ಮೂಲೆಯಲ್ಲಿ ಪಕ್ಕದ ಬಲೆ ಹರಿದಿತ್ತು. ಆಚೆ ಕಡೆ ಅವರದೇ ನಾಲ್ಕು ಸೀಬೆ ಗಿಡ. ಆ ಮೂಲೆಯ ಸಾಲಿನಲ್ಲಿ ಹಿಟ್ಟು ತಿಗಣೆ ತೀರಾ ದಪ್ಪದಪ್ಪವಾಗಿ, ಮೈತುಂಬ ಉದ್ದುದ್ದ ಬಿಳಿ ಎಳೆ ಬಿಟ್ಟುಕೊಂಡು ಓಡಾಡುತ್ತಿತ್ತು. "ನೋಡಿ, ಈ ಕಡೆ ಎಷ್ಟು ದಪ್ಪ ಬೆಳೆದುಬಿಟ್ಟಿದೆ" ಎಂದು ನಾವೇ ಅವರಿಗೆ ತೋರಿಸಿದೆವು. ಫೋಟೊ ತೆಗೆದೆವು. ಅವರು ಅವತ್ತು ಸಂಜೆಯೇ ಆ ಸಾಲಿಗೆ ಎರಡು ಪಟ್ಟು ಔಷಧಿ ಹೊಡೆದರು.

ಫೋಟೊ ಜಿಲ್ಲಾ ಪುಟದಲ್ಲಿ ಬಂತು. ಕೆಳಗೆ ನಾವೇ ಬರೆದುಕೊಟ್ಟ ಸಾಲು: ಹಿಟ್ಟು ತಿಗಣೆಯ ಕಾಟಕ್ಕೆ ನಲುಗಿದ ಬೆಳೆ. ಬೆಳಗ್ಗೆ ಎಂಟಕ್ಕೆ ನಿವೃತ್ತ ತೋಟಗಾರಿಕೆ ಅಧಿಕಾರಿಯೊಬ್ಬರ ಫೋನ್. "ನಿಮ್ಮ ಫೋಟೊದಲ್ಲಿರೋದು ಕಳ್ಳ ಅಲ್ಲ ಕಣ್ರೀ, ಪೊಲೀಸು. ಹಿಡಿದುಕೊಟ್ಟುಬಿಟ್ರಲ್ಲ."

ಅದು ಹಿಟ್ಟು ತಿಗಣೆಯನ್ನು ತಿಂದು ಬದುಕುವ ಒಂದು ಗುಲಗಂಜಿ ಹುಳುವಿನ ಮರಿ. ಯಾರೂ ತಂದು ಬಿಟ್ಟದ್ದಲ್ಲ. ಸೀಬೆ ಗಿಡದಿಂದ ಹರಿದ ಬಲೆಯಲ್ಲಿ ತಾನಾಗಿ ಒಳಗೆ ಬಂದು, ಕೂಲಿ ಕೇಳದೆ ಕೆಲಸ ಶುರು ಮಾಡಿತ್ತು. ನಾವು ಹೋಗಿ ಕೊಲ್ಲಿಸಿದೆವು.

ಆಮೇಲೆ ಈ ಹುಳುವಿನ ಹಿಂದೆ ಬಿದ್ದೆವು. ಓದುತ್ತಾ ಹೋದಂತೆ ಗೊತ್ತಾದದ್ದು ಇಷ್ಟು: ಇದನ್ನು ಗುರುತಿಸದೆ ಕೈಬಿಟ್ಟವರಲ್ಲಿ ನಾವೇ ಮೊದಲಿಗರಲ್ಲ. ಈ ಹುಳು ನಮ್ಮ ದೇಶಕ್ಕೆ ಬಂದೇ ನೂರ ಇಪ್ಪತ್ತೈದು ವರ್ಷಕ್ಕೂ ಮೇಲಾಗಿದೆ.

ಕಿತ್ತಳೆ ಮರಕ್ಕೆ ಹಾಕಿದ ಗುಡಾರ

ಕತೆ ಶುರುವಾಗುವುದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. 1880ರ ದಶಕದಲ್ಲಿ ಅಲ್ಲಿನ ಕಿತ್ತಳೆ, ನಿಂಬೆ ತೋಟಗಳಿಗೆ ಹತ್ತಿಯ ಉಂಡೆಯಂಥ ಒಂದು ಶಲ್ಕ ಕೀಟ ಅಂಟಿಕೊಂಡಿತು. ಗಿಡಗಳ ಜೊತೆ ಆಸ್ಟ್ರೇಲಿಯಾ ಕಡೆಯಿಂದ ಬಂದ ಪೀಡೆ. ರೈತರು ಸೀಮೆಎಣ್ಣೆ ಹೊಡೆದರು, ಸೋಪಿನ ನೀರು ಹೊಡೆದರು, ಮರಕ್ಕೆ ಬಟ್ಟೆ ಮುಚ್ಚಿ ವಿಷದ ಹೊಗೆ ಹಾಕಿದರು. ಜಗ್ಗಲಿಲ್ಲ. ಕೆಲವರು ಮರಗಳನ್ನೇ ಕಿತ್ತು ಸುಟ್ಟರು.

ಆಗ ಅಮೆರಿಕ ಸರ್ಕಾರದ ಕೀಟಶಾಸ್ತ್ರದ ಮುಖ್ಯಸ್ಥ ಚಾರ್ಲ್ಸ್ ರೈಲಿ. ಅವರ ಲೆಕ್ಕ ಸರಳ: ಈ ಕೀಟ ಅದರ ತವರಿನಲ್ಲಿ ಇಷ್ಟು ಹಾವಳಿ ಮಾಡುತ್ತಿಲ್ಲ ಅಂದರೆ ಅಲ್ಲಿ ಅದನ್ನು ತಿನ್ನುವವರು ಯಾರೋ ಇದ್ದಾರೆ. ಅವರನ್ನೂ ಕರೆತರಬೇಕು. ಆದರೆ ಕೀಟ ವಿಭಾಗದವರು ಸರ್ಕಾರದ ಖರ್ಚಿನಲ್ಲಿ ವಿದೇಶಕ್ಕೆ ಹೋಗುವಂತಿರಲಿಲ್ಲ. ಕೊನೆಗೆ ಮೆಲ್ಬರ್ನ್‌ನಲ್ಲಿ ನಡೆಯುತ್ತಿದ್ದ ಅಂತಾರಾಷ್ಟ್ರೀಯ ವಸ್ತುಪ್ರದರ್ಶನಕ್ಕೆ ಎಂದಿದ್ದ ಹಣದಲ್ಲಿ 1888ರಲ್ಲಿ ಆಲ್ಬರ್ಟ್ ಕೋಬೆಲೆ ಎಂಬ ಕೀಟತಜ್ಞರನ್ನು ಆಸ್ಟ್ರೇಲಿಯಾಕ್ಕೆ ಕಳಿಸಿದರು.

ಕೋಬೆಲೆ ಮುಖ್ಯವಾಗಿ ಹುಡುಕಿಕೊಂಡು ಹೋದದ್ದು ಒಂದು ನೊಣವನ್ನು. ಆದರೆ ಆ ಅಕ್ಟೋಬರಿನಲ್ಲಿ ಉತ್ತರ ಅಡಿಲೇಡ್‌ನ ಒಂದು ತೋಟದಲ್ಲಿ ಸಣ್ಣ ಕೆಂಪು ಗುಲಗಂಜಿ ಹುಳುವೊಂದು ಆ ಶಲ್ಕ ಕೀಟವನ್ನು ತಿನ್ನುತ್ತಿದ್ದುದು ಅವರ ಕಣ್ಣಿಗೆ ಬಿತ್ತು. ಅದನ್ನೂ ಹಿಡಿದು ಹಡಗಿಗೆ ಹಾಕಿದರು. ನವೆಂಬರ್ ಕೊನೆಗೆ ಅಮೆರಿಕ ತಲುಪಿದ್ದು 28 ಹುಳು. ಜನವರಿ ಹೊತ್ತಿಗೆ ಒಟ್ಟು 129.

ಲಾಸ್ ಏಂಜಲೀಸಿನಲ್ಲಿ ಒಂದು ಕಿತ್ತಳೆ ಮರದ ಸುತ್ತ ಬಟ್ಟೆಯ ಗುಡಾರ ಕಟ್ಟಿ, ಅದರೊಳಗೆ ಇವನ್ನು ಬಿಟ್ಟರು. ನಮ್ಮ ಈಗಿನ ನೆಟ್ ಹೌಸ್ ಥರವೇ ಅಂದುಕೊಳ್ಳಿ. ಹುಳು ಮರ ತುಂಬಿತು. 1889ರ ಬೇಸಿಗೆಯಲ್ಲಿ ಗುಡಾರ ತೆಗೆದು ಪಕ್ಕದ ತೋಟಗಳಿಗೆ ಹಂಚಿದರು. ರೈತರು ಡಬ್ಬಿಗಳನ್ನು ಹಿಡಿದುಕೊಂಡು ಬಂದು ಹುಳು ಒಯ್ದರು. ಜೂನ್ ಹೊತ್ತಿಗೆ ಹಂಚಿದ ಹುಳು ಹತ್ತು ಸಾವಿರ ದಾಟಿತ್ತು. ಅದೇ ವರ್ಷ ಆ ಶಲ್ಕ ಕೀಟ ಹತೋಟಿಗೆ ಬಂತು.

ಕಾಲದ ಅಂದಾಜಿಗೆ ಹೇಳುವುದಾದರೆ, ಬೆಂಗಳೂರಿನ ಲಾಲ್‌ಬಾಗಿನಲ್ಲಿ ಗಾಜಿನ ಮನೆಗೆ ಅಡಿಗಲ್ಲು ಬಿದ್ದದ್ದೂ 1889ರಲ್ಲೇ.

ಹಿಟ್ಟು ತಿಗಣೆಯ ವೈರಿ

ಗೆದ್ದ ಕುದುರೆಯನ್ನು ಮತ್ತೆ ಓಡಿಸುವುದು ವಾಡಿಕೆ. ಕೋಬೆಲೆಯನ್ನು 1891ರಲ್ಲಿ ಮತ್ತೆ ಆಸ್ಟ್ರೇಲಿಯಾಕ್ಕೆ ಕಳಿಸಿದರು. ಈ ಸಲ ತಂದ ಹುಳುಗಳಲ್ಲಿ ನಮ್ಮ ಫೋಟೊದ ಹುಳುವೂ ಇತ್ತು. ಹೆಸರು ಕ್ರಿಪ್ಟೋಲೇಮಸ್ ಮಾಂಟ್ರೋಜಿಯರಿ. ಬಾಯಿಗೆ ಹೊರಳದ ಹೆಸರು. ಇಂಗ್ಲಿಷಿನಲ್ಲಿ ಮೀಲಿಬಗ್ ಡಿಸ್ಟ್ರಾಯರ್ ಎನ್ನುತ್ತಾರೆ, ಅಂದರೆ ಹಿಟ್ಟು ತಿಗಣೆಯನ್ನು ನಾಶ ಮಾಡುವವನು. ದೊಡ್ಡ ಹುಳು ನಾಲ್ಕು ಮಿಲಿಮೀಟರಿನಷ್ಟು. ಬೆನ್ನು ಕಪ್ಪು, ತಲೆ ಮತ್ತು ಹಿಂಭಾಗ ಕಿತ್ತಳೆ ಬಣ್ಣ. ಚುಕ್ಕಿ ಇಲ್ಲ.

ಇದರ ಬುದ್ಧಿಯೆಲ್ಲ ಮೊಟ್ಟೆ ಇಡುವ ಜಾಗದಲ್ಲಿದೆ. ಹಿಟ್ಟು ತಿಗಣೆ ಹತ್ತಿಯಂಥ ಚೀಲ ಮಾಡಿ ಅದರಲ್ಲಿ ಮೊಟ್ಟೆ ಇಡುತ್ತದಲ್ಲ, ಈ ಹುಳು ತನ್ನ ಮೊಟ್ಟೆಯನ್ನು ಅದೇ ಚೀಲಕ್ಕೆ ಇಡುತ್ತದೆ. ಮರಿ ಕಣ್ಣು ಬಿಟ್ಟರೆ ಸುತ್ತ ಊಟವೇ ಊಟ. ಒಂದು ಮರಿ ಬೆಳೆದು ಕೋಶಕ್ಕೆ ಹೋಗುವಷ್ಟರಲ್ಲಿ ಸಣ್ಣ ತಿಗಣೆಗಳಾದರೆ 250ರವರೆಗೂ ತಿನ್ನಬಲ್ಲದು. ಮೊಟ್ಟೆಯಿಂದ ರೆಕ್ಕೆ ಬರುವ ತನಕ ಸುಮಾರು ಒಂದು ತಿಂಗಳು.

ಮರಿಯ ಮೈಮೇಲೆ ಬಿಳಿ ಮೇಣದ ಎಳೆಗಳು. ತಿಗಣೆಯ ಗುಂಪಿನಲ್ಲಿ ಸೇರಿಕೊಂಡರೆ ಬೇರೆ ಎಂದು ಗೊತ್ತೇ ಆಗುವುದಿಲ್ಲ. ಆ ವೇಷದಿಂದಲೇ ಅದು ಬದುಕುತ್ತದೆ, ಆ ವೇಷದಿಂದಲೇ ನಮ್ಮ ಕೈಯಲ್ಲಿ ಸಾಯುತ್ತದೆ.

ಕ್ಯಾಲಿಫೋರ್ನಿಯಾದಲ್ಲಿ ಈ ಹುಳುವಿಗೆ ಬೇರೆಯದೇ ಕಷ್ಟ ಬಂತು. ಬಿಸಿಲಿನಲ್ಲಿ ಚೆನ್ನಾಗಿ ದುಡಿಯಿತು, ಚಳಿಗಾಲದಲ್ಲಿ ಬಹಳಷ್ಟು ಸತ್ತುಹೋಯಿತು. ಕರಾವಳಿಯ ಬೆಚ್ಚಗಿನ ಕಡೆ ಮಾತ್ರ ಉಳಿಯಿತು. ಹಾಗೆಂದು ಅವರು ಕೈಬಿಡಲಿಲ್ಲ. ಕತ್ತಲೆ ಕೋಣೆಯಲ್ಲಿ ಆಲೂಗಡ್ಡೆ ಮೊಳಕೆ ಬರಿಸಿ, ಮೊಳಕೆಯ ಮೇಲೆ ಹಿಟ್ಟು ತಿಗಣೆ ಬೆಳೆಸಿ, ತಿಗಣೆಯ ಮೇಲೆ ಹುಳು ಸಾಕುವ ದಾರಿ ಕಂಡುಕೊಂಡರು. 1920ರ ದಶಕದಲ್ಲಿ ಇಂಥ ಹುಳುಮನೆಗಳು ಹಲವು ಕಡೆ ಎದ್ದವು. ಪ್ರತಿ ವರ್ಷ ಸಾಕುವುದು, ತೋಟಕ್ಕೆ ಬಿಡುವುದು, ಮತ್ತೆ ಸಾಕುವುದು. ಒಂದು ಸಲ ಬಿಟ್ಟು ಮರೆಯುವ ಹುಳುವಲ್ಲ ಇದು ಎಂಬುದು ಆಗಲೇ ಗೊತ್ತಾಗಿತ್ತು.

1898: ಕಾಫಿ ತೋಟಕ್ಕೆ ಬಂದು ಸೋತದ್ದು

ಇನ್ನು ನಮ್ಮ ಕಡೆ ಬರೋಣ. ಆಗ ದಕ್ಷಿಣ ಭಾರತದ ಕಾಫಿ ತೋಟಗಳಿಗೆ ಹಸಿರು ಶಲ್ಕ ಕೀಟದ ಕಾಟ. ಈಗಲೂ ಕಾಫಿ ಬೆಳೆಗಾರರಿಗೆ ಅದು ಗೊತ್ತು: ಎಳೆ ಚಿಗುರಿಗೆ ಅಂಟಿಕೊಂಡು ರಸ ಹೀರುತ್ತದೆ, ಅದು ಸುರಿಸುವ ಸಿಹಿ ಅಂಟಿಗೆ ಇರುವೆ ಬರುತ್ತದೆ, ಎಲೆ ಮೇಲೆ ಕಪ್ಪು ಬೂಷ್ಟು ಹಿಡಿಯುತ್ತದೆ.

ಕ್ಯಾಲಿಫೋರ್ನಿಯಾದ ಸುದ್ದಿ ಜಗತ್ತಿನ ತೋಟದವರಿಗೆಲ್ಲ ಮುಟ್ಟಿತ್ತು. 1898ರಲ್ಲಿ ನ್ಯೂಪೋರ್ಟ್ ಎಂಬವರು ಆಸ್ಟ್ರೇಲಿಯಾದಿಂದ ಕ್ರಿಪ್ಟೋಲೇಮಸ್ ತರಿಸಿ ಇಲ್ಲಿ ಬಿಟ್ಟರು. ಗುರಿ ಹಸಿರು ಶಲ್ಕ ಕೀಟ. ಹುಳು ಅದನ್ನು ಹತೋಟಿಗೆ ತರಲಿಲ್ಲ. ಪ್ರಯತ್ನ ಸೋತಿತು ಅಂತಾಯಿತು.

ಕಾರಣ ಈಗ ಗೊತ್ತು. ಹಸಿರು ಶಲ್ಕ ಕೀಟ ಹತ್ತಿಯ ಚೀಲ ಮಾಡುವುದಿಲ್ಲ. ಮೊಟ್ಟೆ ಇಡಲು ಚೀಲವೇ ಇಲ್ಲದ ಕಡೆ ಈ ಹುಳು ಸಂಸಾರ ಹೂಡುವುದು ಹೇಗೆ? ಬಡಗಿಯನ್ನು ಕರೆಸಿ ಕುಲುಮೆ ಮುಂದೆ ಕೂರಿಸಿದ ಹಾಗಾಯಿತು.

ಆದರೆ ಹುಳು ಊರು ಬಿಟ್ಟು ಹೋಗಲಿಲ್ಲ. ಇಲ್ಲಿನ ಹವೆ ಒಗ್ಗಿತು. ಕಾಫಿಯ ಹಿಟ್ಟು ತಿಗಣೆ, ಸೀಬೆಯ ಹಿಟ್ಟು ತಿಗಣೆ ಅಂತ ಹುಡುಕಿಕೊಂಡು ದಕ್ಷಿಣ ಭಾರತದಲ್ಲಿ ನೆಲೆ ನಿಂತಿತು. ದಶಕಗಳ ಕಾಲ ಅದರ ಕಡೆ ತಿರುಗಿ ನೋಡಿದವರು ಕಡಿಮೆ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಹಾಗೆ. ತಂದ ಉದ್ದೇಶ ಕೈಗೂಡಲಿಲ್ಲವೆಂದು ಹುಳುವನ್ನೇ ಮರೆತರು.

ಗಾಜಿನ ಮನೆಯೊಳಗೆ

ತೋಟದ ಮಾತು ಹೀಗಾದರೆ, ಗಾಜಿನ ಮನೆಯಲ್ಲಿ ಬೇರೆ ನಡೆಯುತ್ತಿತ್ತು. ಚಳಿ ದೇಶಗಳಲ್ಲಿ ಟೊಮೆಟೊ, ಸೌತೆ, ಹೂವು ಬೆಳೆಯುವುದೇ ಗಾಜಿನ ಮನೆಯಲ್ಲಿ. ಒಳಗೆ ಬೆಚ್ಚಗೆ, ಮಳೆ ಗಾಳಿ ಇಲ್ಲ. ಬೆಳೆಗೆ ಹಿತವಾದದ್ದು ಪೀಡೆಗೂ ಹಿತ. ಜೊತೆಗೆ ಹೊರಗಿನ ಹಕ್ಕಿ, ಜೇಡ, ಗುಲಗಂಜಿ ಹುಳು ಯಾವುದೂ ಒಳಗೆ ಬರುವಂತಿಲ್ಲ. ಒಂದು ತಿಗಣೆ ಹೇಗೋ ನುಸುಳಿದರೆ ಕೇಳುವವರಿಲ್ಲ. ನಮ್ಮ ಪಾಲಿಹೌಸುಗಳದ್ದೂ ಇದೇ ಕತೆ.

1926ರಲ್ಲಿ ಇಂಗ್ಲೆಂಡಿನ ಒಂದು ಗಾಜಿನ ಮನೆಯ ತೋಟಗಾರರು ಟೊಮೆಟೊ ಎಲೆಯ ಮೇಲೆ ಕಪ್ಪಗಾದ ಬಿಳಿ ನೊಣದ ಮರಿಗಳನ್ನು ಕಂಡರು. ಇದೇನೋ ಬೇರೆ ಇದೆ ಎಂದು ಚೆಸ್‌ಹಂಟ್ ಎಂಬಲ್ಲಿದ್ದ ಸಂಶೋಧನಾ ಕೇಂದ್ರಕ್ಕೆ ಕೊಟ್ಟರು. ಅದರೊಳಗಿಂದ ಬಂದದ್ದು ಬಿಳಿ ನೊಣದ ಮರಿಯೊಳಗೇ ಬೆಳೆಯುವ ಸಣ್ಣ ಕಣಜ. ಚೆಸ್‌ಹಂಟ್‌ನವರು ಅದನ್ನು ಸಾಕಿ 1930ರ ದಶಕದಲ್ಲಿ ವರ್ಷಕ್ಕೆ ಲಕ್ಷಗಟ್ಟಲೆ ಬೆಳೆಗಾರರಿಗೆ ಕಳಿಸಿದರು. ಎಲೆ ಕಪ್ಪಾಗಿದೆ ಎಂದು ಆ ತೋಟಗಾರರು ಕಿತ್ತು ಎಸೆದಿದ್ದರೆ? ಇದನ್ನು ಓದಿದಾಗ ನಮಗೆ ನಮ್ಮ ಫೋಟೊ ನೆನಪಾಗಿ ಮುಖ ಸಣ್ಣದಾಯಿತು.

ನಮ್ಮ ಹುಳುವೂ ಗಾಜಿನ ಮನೆ ಸೇರಿತು. ಚಳಿಗೆ ಸಾಯುವ ಹುಳುವಿಗೆ ಬೆಚ್ಚಗಿನ ಗಾಜಿನ ಮನೆಗಿಂತ ಒಳ್ಳೆಯ ಜಾಗ ಯಾವುದು? ಗಾಜಿನ ಮನೆಯ ಹಿಟ್ಟು ತಿಗಣೆಗೆ ಜೈವಿಕ ಹತೋಟಿ ಎಂಬ ವಿಷಯದ ಮೇಲೆಯೇ 1940ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ಕೃಷಿ ಪ್ರಯೋಗ ಕೇಂದ್ರ ಒಂದು ಪುಸ್ತಿಕೆ ತಂದಿತ್ತು.

ಅಷ್ಟರಲ್ಲಿ ಎರಡನೇ ಮಹಾಯುದ್ಧ ಮುಗಿದು ಡಿಡಿಟಿ ಬಂತು. ಹೊಡೆದ ಗಂಟೆಯಲ್ಲೇ ಹುಳು ಉದುರುವ ಔಷಧಿ ಇರುವಾಗ ಹುಳು ಸಾಕುವ ರಗಳೆ ಯಾರಿಗೆ ಬೇಕು? ಚೆಸ್‌ಹಂಟ್ 1949ರಲ್ಲಿ ಕಣಜ ಸಾಕುವುದನ್ನು ನಿಲ್ಲಿಸಿತು. ಕ್ಯಾಲಿಫೋರ್ನಿಯಾದ ಕಿತ್ತಳೆ ತೋಟಗಳಿಗೂ ಡಿಡಿಟಿ ಹೊಕ್ಕಿತು. ಬೇರೆ ಪೀಡೆಗೆಂದು ಹೊಡೆದ ಡಿಡಿಟಿ, ಕೋಬೆಲೆ ತಂದ ಗುಲಗಂಜಿ ಹುಳುವನ್ನು ಕೊಂದಿತು. ಐವತ್ತಕ್ಕೂ ಹೆಚ್ಚು ವರ್ಷ ಸುಮ್ಮನಿದ್ದ ಹತ್ತಿಯುಂಡೆಯ ಕೀಟ ಮತ್ತೆ ಎದ್ದಿತು. ಬೆಳೆಗಾರರು ಮತ್ತೆ ಆ ಹುಳುವನ್ನೇ ಹುಡುಕಬೇಕಾಯಿತು.

ಗಾಜಿನ ಮನೆಯಲ್ಲೂ ಹಾಗೇ ಆಯಿತು. ಔಷಧಿಗೆ ಜೇಡ ನುಸಿ ಒಗ್ಗಿಕೊಂಡಿತು, ಬಿಳಿ ನೊಣ ಒಗ್ಗಿಕೊಂಡಿತು. ಡೋಸ್ ಏರಿಸಿದರೂ ಸಾಯುತ್ತಿರಲಿಲ್ಲ. 1960ರ ದಶಕದಲ್ಲಿ ನೆದರ್ಲೆಂಡ್ಸಿನ ಸೌತೆ ಬೆಳೆಗಾರರು ನುಸಿಯನ್ನು ತಿನ್ನುವ ಇನ್ನೊಂದು ನುಸಿಯ ಮೊರೆ ಹೋದರು. 1970ರ ದಶಕದಲ್ಲಿ ಚೆಸ್‌ಹಂಟ್‌ನ ಹಳೆಯ ಕಣಜಕ್ಕೂ ಮತ್ತೆ ಕೆಲಸ ಸಿಕ್ಕಿತು. ಇವತ್ತು ಯುರೋಪಿನ ಗಾಜಿನ ಮನೆಗಳಿಗೆ ಹುಳು ಬರುವುದು ಬಾಟಲಿಯಲ್ಲಿ, ಬಿತ್ತನೆ ಬೀಜದಂತೆ. ಅದರಲ್ಲಿ ಕ್ರಿಪ್ಟೋಲೇಮಸ್ಸೂ ಒಂದು.

ಸಿಹಿ ಕುಂಬಳದ ಮೇಲೆ ಬೆಳೆದ ಹುಳು

ನಮ್ಮಲ್ಲಿ ಹುಳುವಿನ ನೆನಪು ಮರಳಿದ್ದು ಬೆಂಗಳೂರಿನಲ್ಲಿ. 1957ರಲ್ಲಿ ಕಾಮನ್‌ವೆಲ್ತ್ ಜೈವಿಕ ಹತೋಟಿ ಸಂಸ್ಥೆಯ ಭಾರತದ ಕೇಂದ್ರ ಅಲ್ಲಿ ಶುರುವಾಯಿತು. ಆಮೇಲೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ದ್ರಾಕ್ಷಿ, ಸೀಬೆ, ನಿಂಬೆ ಜಾತಿಯ ಬೆಳೆಗಳ ಹಿಟ್ಟು ತಿಗಣೆಗೆ ಈ ಹುಳುವನ್ನು ಬಿಟ್ಟು ನೋಡಿದರು. ಕೆಲಸ ಮಾಡಿತು. 1898ರಲ್ಲಿ ತಪ್ಪು ಕೆಲಸಕ್ಕೆ ಬಂದ ಹುಳುವಿಗೆ ಸರಿಯಾದ ಕೆಲಸ ಸಿಗಲು ಮುಕ್ಕಾಲು ಶತಮಾನಕ್ಕೂ ಹೆಚ್ಚು ಬೇಕಾಯಿತು.

ಸಾಕಲು ಇಲ್ಲಿ ಆಲೂಗಡ್ಡೆ ಮೊಳಕೆಯ ಬದಲು ಸಿಹಿ ಕುಂಬಳ ಬಳಸಿದರು. ಏಣುಗಳಿರುವ ಕುಂಬಳಕಾಯಿ ತೊಳೆದು, ಬೂಷ್ಟು ಬಾರದಂತೆ ಶಿಲೀಂಧ್ರನಾಶಕದಲ್ಲಿ ಅದ್ದಿ, ಗಾಯವಿದ್ದ ಕಡೆ ಮೇಣ ಹಚ್ಚಿ, ಅದರ ಮೇಲೆ ಹಿಟ್ಟು ತಿಗಣೆ ಬಿಡುತ್ತಾರೆ. ಕಾಯಿ ಬೆಳ್ಳಗಾದ ಮೇಲೆ ಪಂಜರದಲ್ಲಿಟ್ಟು ಹುಳು ಬಿಟ್ಟರೆ, ಸುಮಾರು ಒಂದು ತಿಂಗಳಿಗೆ ಹೊಸ ಹುಳು ತಯಾರು. ನಮ್ಮ ಮನೆ ಅಟ್ಟದ ಮೇಲಿರುವ ಕುಂಬಳಕಾಯಿಯೇ ಸಾಕು.

ಪಾಲಿಹೌಸಿಗೆ ಬಿಡುವ ಮೊದಲು

ಇದನ್ನು ಓದಿ ನಾಳೆಯೇ ಹುಳು ತರಲು ಹೊರಡಬೇಡಿ. ಇತಿಹಾಸ ಕಲಿಸಿದ ನಾಲ್ಕು ಮಾತು ಇಲ್ಲಿವೆ.

ಒಂದು, ಔಷಧಿ ಮತ್ತು ಹುಳು ಒಟ್ಟಿಗೆ ನಡೆಯುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಡಿಡಿಟಿ ಮಾಡಿದ್ದನ್ನೇ ನಮ್ಮ ಪಂಪೂ ಮಾಡುತ್ತದೆ. ಮೊನ್ನೆ ಹೊಡೆದ ಔಷಧಿಯ ಅಂಶ ಎಲೆಯ ಮೇಲೆ ಇರುವಾಗ ಬಿಟ್ಟರೆ ದುಡ್ಡು ದಂಡ.

ಎರಡು, ಇರುವೆಯನ್ನು ಮೊದಲು ನೋಡಿಕೊಳ್ಳಿ. ತಿಗಣೆಯ ಸಿಹಿ ಅಂಟಿನ ಆಸೆಗೆ ಇರುವೆ ಅದನ್ನು ಹಸು ಕಾದಂತೆ ಕಾಯುತ್ತದೆ, ಹುಳುವಿನ ಮರಿಯನ್ನು ಓಡಿಸುತ್ತದೆ.

ಮೂರು, ಹವೆ. ಸುಮಾರು 16 ಡಿಗ್ರಿಗಿಂತ ಕೆಳಗೆ ಈ ಹುಳು ಮಂಕಾಗುತ್ತದೆ. 33 ಡಿಗ್ರಿ ದಾಟಿದರೂ ಬೇಟೆ ಬಿಟ್ಟು ನೆರಳು ಹುಡುಕುತ್ತದೆ. ಬೇಸಿಗೆಯ ಮಧ್ಯಾಹ್ನ ನಮ್ಮ ಪಾಲಿಹೌಸಿನೊಳಗೆ ಅದಕ್ಕಿಂತ ಬಿಸಿ ಇರುತ್ತದೆ. ಸಂಜೆ ತಂಪಿನಲ್ಲಿ ಬಿಡಬೇಕು, ನೆರಳು ಬಲೆ ಎಳೆದಿರಬೇಕು.

ನಾಲ್ಕು, ಇದು ತಿನ್ನುವುದು ಮುಖ್ಯವಾಗಿ ಹಿಟ್ಟು ತಿಗಣೆ. ನುಸಿಗೆ, ಥ್ರಿಪ್ಸ್‌ಗೆ ಇದನ್ನು ಬಿಟ್ಟರೆ 1898ರ ತಪ್ಪನ್ನೇ ಮತ್ತೆ ಮಾಡಿದಂತೆ. ತಿಗಣೆ ಮುಗಿದ ಮೇಲೆ ಹುಳುವೂ ಹೋಗುತ್ತದೆ. ಮತ್ತೆ ತಿಗಣೆ ಬಂದರೆ ಮತ್ತೆ ಬಿಡಬೇಕು.

ಇನ್ನೊಂದು ಎಚ್ಚರಿಕೆ. ಹೊರದೇಶದ ಹುಳುವನ್ನು ಯಾರೋ ಕೊಟ್ಟರೆಂದು ತಂದು ಬಿಡುವಂತಿಲ್ಲ. ಏಷ್ಯಾದ ಹಾರ್ಮೋನಿಯಾ ಎಂಬ ಗುಲಗಂಜಿ ಹುಳುವನ್ನು ಸಸ್ಯಹೇನಿನ ಹತೋಟಿಗೆಂದು 1990ರ ದಶಕದಲ್ಲಿ ಯುರೋಪಿನಲ್ಲಿ ಮಾರಿದರು. ಗಾಜಿನ ಮನೆಯಿಂದ, ತೋಟದಿಂದ ಅದು ಹೊರಗೆ ಹರಡಿತು. 2001ರಲ್ಲಿ ಬೆಲ್ಜಿಯಂನ ಬಯಲಿನಲ್ಲಿ ಕಂಡದ್ದು 2004ಕ್ಕೆ ಇಂಗ್ಲೆಂಡ್ ಮುಟ್ಟಿತು. ಅಲ್ಲಿನ ಮೂಲ ಗುಲಗಂಜಿ ಹುಳುಗಳು ಕಡಿಮೆಯಾದವು. ಬೇಲಿಗೆ ನೆಟ್ಟದ್ದು ಹೊಲ ಮೇಯ್ದ ಕತೆ. ಕ್ರಿಪ್ಟೋಲೇಮಸ್ ವಿಷಯದಲ್ಲಿ ಆ ಚಿಂತೆ ಕಡಿಮೆ, ಅದು ನಮ್ಮೊಡನೆ ಇದ್ದು ನೂರು ವರ್ಷ ದಾಟಿದೆ. ಆದರೂ ತರುವುದಾದರೆ ಹೆಸರಘಟ್ಟದ ಸಂಸ್ಥೆಯನ್ನೋ ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರವನ್ನೋ ಕೇಳಿ ತನ್ನಿ.

ಕಳ್ಳ ಯಾರು, ಪೊಲೀಸ್ ಯಾರು

ಗುರುತಿಸುವುದು ಕಷ್ಟವಲ್ಲ. ನಿಮ್ಮ ಕೈಯಲ್ಲಿರುವ ಫೋನೇ ಸಾಕು. ಕ್ಯಾಮೆರಾ ಹತ್ತಿರ ಹಿಡಿದು ದೊಡ್ಡದು ಮಾಡಿ ನೋಡಿ.

ಹಿಟ್ಟು ತಿಗಣೆ ಮೂರು ನಾಲ್ಕು ಮಿಲಿಮೀಟರ್, ಹೆಚ್ಚಾಗಿ ಕೂತಲ್ಲೇ ಕೂತಿರುತ್ತದೆ, ಮೈ ಅಂಚಿನಲ್ಲಿ ಎಳೆಗಳಿದ್ದರೂ ಗಿಡ್ಡ. ಹುಳುವಿನ ಮರಿ ಬೆಳೆದರೆ ಅದರ ಮೂರು ಪಟ್ಟು, 13 ಮಿಲಿಮೀಟರ್‌ವರೆಗೂ ಇರುತ್ತದೆ. ಎಳೆಗಳು ಉದ್ದ, ಕೆದರಿದ ಜಡೆಯಂತೆ. ಕಡ್ಡಿಯಿಂದ ಮುಟ್ಟಿದರೆ ಸರಸರ ಓಡುತ್ತದೆ. ಓಡಿದರೆ ಬಿಟ್ಟುಬಿಡಿ. ಅದು ನಿಮ್ಮ ಕಡೆಯದು.

ಆ ರೈತರ ಬಳಿ ಫೋನ್ ಬಂದ ದಿನವೇ ಹೋಗಿ ತಪ್ಪಾಯಿತು ಎಂದು ಹೇಳಿದೆವು. ಅವರು ಬೈಯಲಿಲ್ಲ. ಮೂಲೆಯ ಸಾಲಿಗೆ ಕರೆದುಕೊಂಡು ಹೋಗಿ ತೋರಿಸಿದರು. ನೆಲದ ಮೇಲೆ ಹಾಸಿದ್ದ ಪ್ಲಾಸ್ಟಿಕ್ ಹಾಳೆಯಲ್ಲಿ ಸುರುಟಿದ ಬಿಳಿ ಮರಿಗಳು, ಎಣಿಸಲು ಹೋಗಲಿಲ್ಲ. ಗಿಡದ ಕವಲಿನೊಳಗೆ, ಔಷಧಿ ತಾಗದ ಕಡೆ, ತಿಗಣೆ ಹಾಗೇ ಇತ್ತು. ಆ ಬೆಳೆ ಅವರಿಗೆ ಹಾಕಿದ ಹಣ ವಾಪಸ್ ಕೊಡಲಿಲ್ಲ.

ಪತ್ರಿಕೆಯಲ್ಲಿ ತಿದ್ದುಪಡಿ ಬಂತು, ಎರಡು ಸಾಲು, ಒಳಪುಟದಲ್ಲಿ. ಅದನ್ನು ಎಷ್ಟು ಜನ ಓದಿದರೋ. ಹಾಗಾಗಿ ಇಲ್ಲಿ ಇಷ್ಟುದ್ದ ಬರೆದೆವು.

ಮೊನ್ನೆ ಆ ಕಡೆ ಹೋದಾಗ ಮತ್ತೆ ಇಣುಕಿದೆವು. ಬಲೆಯ ಹರಿದ ಜಾಗ ಹೊಲಿದಿದ್ದಾರೆ. ಸೀಬೆ ಗಿಡಗಳಿಗೆ ಔಷಧಿ ಹೊಡೆಯುವುದು ಬಿಟ್ಟಿದ್ದಾರೆ. ಒಳಗೆ ಹಿಟ್ಟು ತಿಗಣೆ ಕಂಡರೆ ಸೀಬೆಯ ಎಲೆ ತಿರುಗಿಸಿ ಹುಳು ಹುಡುಕಿ, ಬೆಂಕಿಪೊಟ್ಟಣಕ್ಕೆ ಹಾಕಿಕೊಂಡು, ಸಂಜೆ ಒಳಗೆ ಬಿಡುತ್ತಾರಂತೆ. ನಾವು ಹೋದಾಗಲೂ ಪೊಟ್ಟಣ ತೆರೆದು ತೋರಿಸಿದರು. ಒಳಗೆ ಕಪ್ಪು ಬೆನ್ನಿನ, ಕಿತ್ತಳೆ ತಲೆಯ ಆರು ಹುಳುಗಳಿದ್ದವು.